ಮುಂಗೈ ಮುರಿತ: ಕೇಸ್ ಶೀಟು ಹೇಳದೆ ಬಿಟ್ಟದ್ದು

ಮುಂಗೈಯಲ್ಲಿರುವುದು ಎರಡು ಮೂಳೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಪೆಟ್ಟು ಬಿದ್ದು ಇವು ಮುರಿದರೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಅದರ ಸಂಕೇತ ಎಸ್ 52. ಮೊಣಕೈ ಬಳಿ ಅಲ್ನಾ ಮುರಿದರೆ 52.0, ನಡುಭಾಗದಲ್ಲಿ ಎರಡೂ ಮುರಿದರೆ 52.4, ಮಣಿಕಟ್ಟಿನ ಹತ್ತಿರ ರೇಡಿಯಸ್ಸಿನ ತುದಿ ಮುರಿದರೆ 52.5. ಕೊನೆಯದು 52.9: ಮುಂಗೈ ಮುರಿದಿದೆ, ಯಾವ ಭಾಗವೆಂದು ಬರೆದಿಲ್ಲ.

ಈ ವಿಂಗಡಣೆಯ ಹಿಂದೆ ದೊಡ್ಡ ಪರಂಪರೆಯಿದೆ. ಡಬ್ಲಿನ್‌ನ ಅಬ್ರಹಾಂ ಕಾಲಿಸ್ ಮಣಿಕಟ್ಟಿನ ಮೇಲಿನ ಮುರಿತವನ್ನು ವಿವರಿಸಿದ್ದು 1814ರಲ್ಲಿ. ಎಕ್ಸ್-ರೇ ಬರಲು ಇನ್ನೂ ಎಂಬತ್ತು ವರ್ಷವಿತ್ತು. ಅದೇ ವರ್ಷ ಇಟಲಿಯ ಮಾಂಟೆಜಿಯಾ, ಅಲ್ನಾ ಮುರಿದು ಜೊತೆಗೆ ರೇಡಿಯಸ್ಸಿನ ತಲೆ ಮೊಣಕೈ ಕೀಲಿನಿಂದ ಜಾರುವ ಪೆಟ್ಟನ್ನು ಗುರುತಿಸಿದ. ಮಕ್ಕಳಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ. ಮುರಿದ ಮೂಳೆಯನ್ನಷ್ಟೇ ನೋಡಿ ಸಿಮೆಂಟ್ ಹಾಕಿ ಕಳಿಸಿದರೆ ಮಗುವಿನ ಕೈ ಮುಂದೆ ಸರಿಯಾಗಿ ಮಡಚದೆ, ತಿರುಗದೆ ಉಳಿಯಬಹುದು. ಹತ್ತನೇ ಆವೃತ್ತಿಯ ಬಗ್ಗೆ ನನ್ನ ಮೊದಲ ತಕರಾರು ಇಲ್ಲೇ. ಮೊಣಕೈ ತುದಿಯ ಸರಳ ಬಿರುಕು, ಮಾಂಟೆಜಿಯಾ ಮುರಿತ ಎರಡನ್ನೂ ಅದು 52.0 ಎಂಬ ಒಂದೇ ಅಂಕಿಯೊಳಗೆ ಇಟ್ಟಿದೆ. ಇನ್ನು ಎಡಗೈಯೋ ಬಲಗೈಯೋ ಎಂಬುದು ಆ ಅಂಕಿಯಲ್ಲಿ ಇಲ್ಲವೇ ಇಲ್ಲ.

ಇದಕ್ಕಿಂತ ಗಂಭೀರವಾದದ್ದು ಒಂದು ಸಣ್ಣ ನಿಯಮ. ಮುರಿತ ಚರ್ಮ ಸೀಳಿ ಹೊರಗೆ ತೆರೆದುಕೊಂಡಿದ್ದರೆ ಸಂಕೇತದ ಕೊನೆಗೆ 1, ಇಲ್ಲದಿದ್ದರೆ 0 ಸೇರಿಸಬಹುದು. ಕೇಸ್ ಶೀಟಿನಲ್ಲಿ ಎರಡರಲ್ಲಿ ಯಾವುದನ್ನೂ ಬರೆದಿಲ್ಲವಾದರೆ? ಮುಚ್ಚಿದ ಮುರಿತವೆಂದೇ ಎಣಿಸಬೇಕು. ವೈದ್ಯರು ಬರೆಯಲು ಮರೆತದ್ದು ‘ಗೊತ್ತಿಲ್ಲ’ ಎಂದು ಉಳಿಯದೆ ‘ಗಾಯವಿರಲಿಲ್ಲ’ ಎಂಬ ಹೇಳಿಕೆಯಾಗಿ ದಾಖಲೆಗೆ ಸೇರುತ್ತದೆ. ಗದ್ದೆಯ ಕೆಸರು, ಕೊಟ್ಟಿಗೆಯ ಗೊಬ್ಬರ ತಾಗಿದ ತೆರೆದ ಮುರಿತಕ್ಕೆ ಬೇಗನೆ ಆ್ಯಂಟಿಬಯೋಟಿಕ್ ಬೇಕು, ಆಪರೇಷನ್ ಥಿಯೇಟರಿನಲ್ಲಿ ತೊಳೆಯಬೇಕು. ಹೊರರೋಗಿ ಚೀಟಿಯಲ್ಲಿ ಮುರಿತವನ್ನು ಸೂಚಿಸುವ # ಗುರುತು, ‘ಬೋತ್ ಬೋನ್’, ‘ಸ್ಲ್ಯಾಬ್ ಹಾಕಿದೆ’, ‘ಕೆ.ಆರ್. ಆಸ್ಪತ್ರೆಗೆ ರೆಫರ್’ ಎಂದಷ್ಟೇ ಇದ್ದರೆ, ಹೆಗ್ಗಡದೇವನಕೋಟೆಯಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ ಬ್ಯಾಂಡೇಜ್ ಬಿಚ್ಚುವವರೆಗೆ ಆ ಗಾಯ ಯಾರಿಗೂ ಕಾಣುವುದಿಲ್ಲ.

ಹೇಗೆ ಮುರಿಯಿತು ಎಂಬುದಕ್ಕೂ ಸಂಕೇತಗಳಿವೆ. ನಮ್ಮ ಸೀಮೆಗೆ ಅವು ಹೇಳಿ ಮಾಡಿಸಿದಂತಿವೆ ಎಂದೇ ಹೇಳಬೇಕು. ಮರದಿಂದ ಬಿದ್ದರೆ ಡಬ್ಲ್ಯು 14, ಏಣಿಯಿಂದ ಬಿದ್ದರೆ ಡಬ್ಲ್ಯು 11. ಘಟನೆ ನಡೆದ ಜಾಗ ತೋಟ, ಹೊಲವಾದರೆ ಅದಕ್ಕೂ ಒಂದು ಅಂಕಿ. ಜೇನು ಇಳಿಸಲು ಮರ ಹತ್ತಿದ ಜೇನುಕುರುಬರ ಹುಡುಗ, ಕೊಡಗಿನ ತೋಟದಲ್ಲಿ ಮೆಣಸು ಬಿಡಿಸುವಾಗ ಏಣಿ ಜಾರಿದ ಹಾಡಿಯ ಕೂಲಿಯಾಳು, ಹುಣಸೂರು-ಪಿರಿಯಾಪಟ್ಟಣದ ಕಡೆ ತಂಬಾಕು ಬ್ಯಾರನ್‌ನೊಳಗೆ ಸೊಪ್ಪಿನ ಕಡ್ಡಿ ಏರಿಸುತ್ತ ಅಟ್ಟಣೆಯಿಂದ ಬಿದ್ದವನು, ಇವರೆಲ್ಲರಿಗೂ ಅಲ್ಲಿ ಜಾಗವಿದೆ. ಆದರೆ ಚೀಟಿಯಲ್ಲಿ ಬರುವುದು ‘ಬಿದ್ದು ಪೆಟ್ಟು’ ಎಂಬ ಎರಡೇ ಪದ, ಕೆಲವೊಮ್ಮೆ ಅದೂ ಇಲ್ಲ. ಆಗ ಉಳಿಯುವುದು ಎಕ್ಸ್ 59.0: ಯಾವುದೆಂದು ತಿಳಿಯದ ಕಾರಣದಿಂದ ಮೂಳೆ ಮುರಿತ. ತೋಟದ ಮಾಲೀಕರಿಂದ ಕಾನೂನಿನ ಪ್ರಕಾರ ಪರಿಹಾರದ ಹಣ ಕೇಳಬೇಕಾದವನಿಗೆ ಏಣಿಯ ಸುದ್ದಿಯೇ ಇಲ್ಲದ ಕಾಗದ ಎಷ್ಟು ನೆರವಾದೀತು? ನಾಗರಹೊಳೆಯ ಅಂಚಿನಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಓಡಿ ಬಿದ್ದವನು ಅರಣ್ಯ ಇಲಾಖೆಗೆ ಅರ್ಜಿ ಕೊಡುವಾಗ ಆನೆಯ ಮಾತೇ ಇಲ್ಲದ ಚೀಟಿಯನ್ನು ಹಿಡಿದು ನಿಲ್ಲಬೇಕೆ?

ಹೊಡೆದಾಟವಾದರೆ ಬರವಣಿಗೆ ತಕ್ಷಣ ಎಚ್ಚರಗೊಳ್ಳುತ್ತದೆ, ಏಕೆಂದರೆ ಮೂಳೆ ಮುರಿದರೆ ಅದು ಕಾನೂನಿನಲ್ಲಿ ತೀವ್ರ ಸ್ವರೂಪದ ಗಾಯ. ಹಳೆಯ ದಂಡ ಸಂಹಿತೆಯ 320ನೇ ಕಲಮು ಹೇಳುತ್ತಿದ್ದುದನ್ನೇ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು ಹೇಳುತ್ತಿದೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ಲೇಟ್ ಹಾಕಿದರೂ ಹಾಗೆಯೇ: ಕ್ಲೇಮಿಗೆ ಎಕ್ಸ್-ರೇ ಬೇಕು, ಟಿಪ್ಪಣಿ ಬೇಕು. ಅಂದರೆ ಪೊಲೀಸರು ಕೇಳಿದಾಗ, ಹಣ ಕೇಳಿದಾಗ ನಾವು ಸರಿಯಾಗಿ ಬರೆಯಬಲ್ಲೆವು. ಬರೀ ಸಿಮೆಂಟ್ ಹಾಕಿಸಿಕೊಂಡು ಹಾಡಿಗೆ ಹಿಂತಿರುಗುವವನ ಕಾಗದವನ್ನು ಮಾತ್ರ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ನಮ್ಮದೇ ಹುಡುಗ ಹುಡುಗಿಯರು ಅಮೆರಿಕದ ಯಾವುದೋ ಅಜ್ಜಿಯ ಮಣಿಕಟ್ಟಿಗೆ, ಆ ದೇಶ ತನಗಾಗಿ ವಿಸ್ತರಿಸಿಕೊಂಡ ಹತ್ತನೇ ಆವೃತ್ತಿಯಂತೆ, ಎಸ್ 52.532ಎ ಎಂದು ಎಡಗೈ, ಕಾಲಿಸ್ ಮುರಿತ, ಮುಚ್ಚಿದ್ದು, ಚಿಕಿತ್ಸೆಯ ಮೊದಲ ಹಂತ ಎಲ್ಲವನ್ನೂ ಏಳು ಅಕ್ಷರಗಳಲ್ಲಿ ದಾಖಲಿಸುತ್ತಾರೆ. ಅವರ ಸ್ವಂತ ಅಜ್ಜಿಯ ಚೀಟಿಗೂ ಅಷ್ಟು ಗಮನ ಸಲ್ಲಬೇಕು. ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಒಬ್ಬರಿಗೆ ಎರಡು ನಿಮಿಷ ಕೊಡಲಾಗದ ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಚೀಟಿಯೇ ಈ ಪ್ರಶ್ನೆಗಳನ್ನು ಕೇಳುವುದಿಲ್ಲ, ದೋಷವಿರುವುದು ಅಲ್ಲಿ.

ನಾಟಿ ಕಟ್ಟಿನ ವಿಷಯವಂತೂ ಸಂಕೇತದಲ್ಲೂ ಇಲ್ಲ, ಚೀಟಿಯಲ್ಲೂ ಇಲ್ಲ. ಮೂಳೆ ಕಟ್ಟುವವರ ಬಳಿ ಸೊಪ್ಪು ಅರೆದು ಹಚ್ಚಿಸಿ, ಬಿದಿರ ದಬ್ಬೆ ಇಟ್ಟು ಬಿಗಿಸಿಕೊಂಡು, ನೋವು ತಡೆಯಲಾಗದೆ ಮೂರನೇ ದಿನಕ್ಕೆ ಆಸ್ಪತ್ರೆಗೆ ಬರುವವರು ನಮ್ಮಲ್ಲಿ ಅಪರೂಪವಲ್ಲ. ಬೈಸಿಕೊಳ್ಳುವ ಭಯಕ್ಕೆ ದಾರಿಯಲ್ಲೇ ಕಟ್ಟು ಬಿಚ್ಚಿ ಎಸೆದಿರುತ್ತಾರೆ. ಬಿಗಿ ಹೆಚ್ಚಾಗಿ ರಕ್ತ ಓಡದಿದ್ದರೆ ಮಾಂಸಖಂಡ ಸತ್ತು ಬೆರಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಜರ್ಮನಿಯ ಫೋಕ್‌ಮನ್ ಇದನ್ನು 1881ರಲ್ಲೇ ವಿವರಿಸಿದ್ದ. ಆಸ್ಪತ್ರೆಯ ಬಿಗಿ ಪ್ಲಾಸ್ಟರಿನಿಂದಲೂ ಇದೇ ಆಗಬಲ್ಲದು. ಹಾಗಾಗಿ ಕಟ್ಟು ಯಾರದೇ ಇರಲಿ, ಯಾವಾಗ ಕಟ್ಟಿದರು, ಯಾವಾಗ ಬಿಚ್ಚಿದರು, ಬಂದಾಗ ನಾಡಿ ಸಿಗುತ್ತಿತ್ತೇ, ಬೆರಳಿಗೆ ಸ್ಪರ್ಶ ತಿಳಿಯುತ್ತಿತ್ತೇ, ಸಿಮೆಂಟ್ ಹಾಕಿದ ಮೇಲೆ ಹೇಗಿತ್ತು ಎಂಬುದನ್ನು ಗದರದೆ ಕೇಳಿ ಬರೆಯಬೇಕು.

2022ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೇ ಆವೃತ್ತಿಯಲ್ಲಿ ಎಡ-ಬಲ, ತೆರೆದದ್ದು-ಮುಚ್ಚಿದ್ದು ಮುಂತಾದ ವಿವರಗಳನ್ನು ಮೂಲ ಸಂಕೇತಕ್ಕೆ ಜೋಡಿಸುವ ಅವಕಾಶವಿದೆ. ಒಳ್ಳೆಯ ಸುಧಾರಣೆ. ಆದರೆ ಜೋಡಿಸಲು ಮೊದಲು ವಿವರ ಬೇಕಲ್ಲ. ತಾಲ್ಲೂಕು ಆಸ್ಪತ್ರೆ ಅದಕ್ಕಾಗಿ ಸಾಫ್ಟ್‌ವೇರಿಗೆ ಕಾಯಬೇಕಿಲ್ಲ. ಯಾವ ಕೈ, ಗಾಯ ಇದೆಯೇ, ಬೆರಳ ಸ್ಥಿತಿ, ಮೊದಲು ಕಟ್ಟು ಹಾಕಿಸಿದ್ದರೇ, ಹೇಗೆ ಬಿದ್ದರು ಎಂದು ಕೇಳುವ ಒಂದು ರಬ್ಬರ್ ಸ್ಟಾಂಪನ್ನು ಚೀಟಿಯ ಮೇಲೆ ಒತ್ತಿದರೆ ಸಾಕು. ಗಾಯವಿಲ್ಲದಿದ್ದರೆ ‘ಇಲ್ಲ’ ಎಂದು ಗುರುತು ಹಾಕಲು ಅದರಲ್ಲಿ ಬೇರೆ ಚೌಕವೇ ಇರಲಿ.