ಬೇಟೆಯ ಗ್ರಂಥವೂ ಶ್ರಾವಕನ ಓದೂ

ಜೈನಾಚಾರವು ಸಪ್ತವ್ಯಸನಗಳಲ್ಲಿ ಬೇಟೆಯನ್ನೂ ಎಣಿಸಿದೆ. ಹೀಗಿರುವಾಗ ಬೇಟೆಗಾರನೊಬ್ಬನ ಗ್ರಂಥವನ್ನು ಈ ಪುಟಗಳಲ್ಲಿ ವಿಮರ್ಶಿಸುವುದು ಉಚಿತವೇ ಎಂದು ವಾಚಕರು ಕೇಳಬಹುದು. ಹಳಿಯಾಳ, ಮುಂಡಗೋಡಗಳ ಭತ್ತದ ಗದ್ದೆಗಳಿಗೆ ದಾಂಡೇಲಿಯ ಕಾಡಿನಿಂದ ಆನೆಗಳು ಇಳಿದು ಬರುವ ನಮ್ಮ ಸೀಮೆಯಲ್ಲಿ ಈ ವಿಚಾರವು ಕೇವಲ ಗ್ರಂಥದ್ದಲ್ಲ.

ಜಾರ್ಜ್ ಪಿ. ಸ್ಯಾಂಡರ್ಸನ್ (1848–1892) ಅವರ ತಂದೆ ಡ್ಯಾನಿಯಲ್ ಸ್ಯಾಂಡರ್ಸನ್ನರು ರೀವ್ ಪಂಡಿತರ ಕನ್ನಡ ನಿಘಂಟನ್ನು 1858ರಲ್ಲಿ ಪರಿಷ್ಕರಿಸಿದ ಪಾದ್ರಿಗಳು. ಮಗನು ಮೈಸೂರು ಸಂಸ್ಥಾನದಲ್ಲಿ ಮೊದಲು ಕಾಲುವೆಗಳ ಅಧಿಕಾರಿಯಾಗಿ, ಅನಂತರ ಆನೆ ಹಿಡಿಯುವ ಇಲಾಖೆಯ ಮುಖ್ಯಸ್ಥನಾಗಿ ದುಡಿದನು. ಹೈದರಾಲಿಯು ಕೈಗೊಂಡು ವಿಫಲನಾದ ಖೆಡ್ಡಾ ಕಾರ್ಯವನ್ನು 1874ರಲ್ಲಿ ಚಾಮರಾಜನಗರದ ಬಳಿ ಸಾಧಿಸಿ ಹೆಸರು ಗಳಿಸಿದನು. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳನ್ನು ಕುರಿತ ಅವನ ಇಂಗ್ಲಿಷ್ ಗ್ರಂಥವು 1878ರಲ್ಲಿ ಪ್ರಕಟವಾಯಿತು.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಕಾಡಾನೆಯು ಸ್ವಭಾವತಃ ಸಾಧುಪ್ರಾಣಿಯೆಂದೂ, ಹುಲಿಯನ್ನು ನಿರ್ಮೂಲ ಮಾಡುವುದು ಅವಿವೇಕವೆಂದೂ, ಬೆಳೆಗೆ ಮುತ್ತುವ ಹಂದಿ ಜಿಂಕೆಗಳನ್ನು ತಿನ್ನುವ ಹುಲಿಯು ರೈತನಿಗೆ ಉಪಕಾರಿಯೆಂದೂ ಅವನು ವಾದಿಸಿದ್ದಾನೆ. ಹುಲಿಯ ತಲೆಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲದಲ್ಲಿ ಆಡಿದ ಮಾತಿದು. ಕೇಳಿದ್ದನ್ನು ಬಿಟ್ಟು ಕಂಡದ್ದನ್ನೇ ಬರೆಯುವ ನಿಷ್ಠೆಯೂ ಅವನಿಗಿದೆ.

ದೋಷವೂ ಇಲ್ಲಿಯೇ ಇದೆ. ಹಿಂಸೆಯು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕು ಬಗೆ. ಹಳ್ಳಿಗರ ಪ್ರಾಣ ತೆಗೆಯುತ್ತಿದ್ದ ಹೆಣ್ಣುಹುಲಿಯನ್ನು ಕೊಂದದ್ದನ್ನು ವಿರೋಧೀ ಎನ್ನಬಹುದು. ಆನೆ ಹಿಡಿದದ್ದು ಉದ್ಯೋಗವೆಂದು ಅವನು ಹೇಳಿಕೊಂಡಾನು. ಪ್ರಾಣಿವಿಕ್ರಯವನ್ನು ನಿಷೇಧಿಸಿದ ಶ್ರಾವಕಾಚಾರವು ಅದನ್ನೂ ಒಪ್ಪದು. ಆದರೆ ಯಾರಿಗೂ ಕೇಡು ಬಗೆಯದೆ ಮೇಯುತ್ತಿದ್ದ ಕಾಟಿಯನ್ನು ವಿನೋದಕ್ಕಾಗಿ ಹೊಡೆದದ್ದು ಶುದ್ಧ ಸಂಕಲ್ಪೀ ಹಿಂಸೆ. ಆಶ್ಚರ್ಯವೆಂದರೆ, ಇವೆಲ್ಲವನ್ನೂ ಅವನು ಒಂದೇ ಉತ್ಸಾಹದಿಂದ ವರ್ಣಿಸುತ್ತಾನೆ. ಜೀವಿಯನ್ನು ಇಷ್ಟು ಚೆನ್ನಾಗಿ ಅರಿತ ಕಣ್ಣಿಗೆ ಕೈಯನ್ನು ತಡೆಯುವ ಶಕ್ತಿ ಬರಲಿಲ್ಲ. ಜ್ಞಾನವಿದ್ದೂ ಚಾರಿತ್ರವಿಲ್ಲದಿರುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಹಾಗಾದರೆ ಓದುಗನು ನಿರ್ದೋಷಿಯೇ? ಜನ್ನನ ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನು. ರಕ್ತ ಹರಿಯದಿದ್ದರೂ ಸಂಕಲ್ಪವು ಅವನನ್ನು ಭವಭವಗಳಲ್ಲಿ ಅಲೆಸಿತು. ಪಾಪವು ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದ ಬರುತ್ತದೆ. ಗುಂಡು ತಗುಲಿದೊಡನೆ ನಮ್ಮ ಮನಸ್ಸು ಹಿಗ್ಗಿದರೆ ಅದು ಅನುಮೋದನೆಯೇ. ಗ್ರಂಥವನ್ನು ಬಸದಿಯ ಗ್ರಂಥಭಂಡಾರದಿಂದ ಹೊರಗಿಡಬೇಕೆಂದು ನಾನು ಹೇಳುವುದಿಲ್ಲ. ಓದುತ್ತ ತನ್ನ ಮನಸ್ಸನ್ನು ತಾನೇ ಕಾಯಬಲ್ಲವನಿಗೆ ಅದು ಒಳ್ಳೆಯ ಪರೀಕ್ಷೆ.

ಇನ್ನೊಂದು ಪರೀಕ್ಷೆ ನನಗೆ ಅಂಗಡಿಯಲ್ಲಿಯೇ ಎದುರಾಯಿತು. ಸುಗ್ಗಿಗೆ ಮುನ್ನ ಆನೆಗಳು ಗದ್ದೆ ತುಳಿದ ರೈತರೊಬ್ಬರು ಬಾಕಿ ತೀರಿಸಲು ಅವಧಿ ಕೇಳಲು ಬಂದಿದ್ದರು. ಆನೆಗೆ ಕೇಡು ಮಾಡಬಾರದೆಂದು ನಾನು ಉಪದೇಶಿಸಿದೆ. ಅವರು ಶಾಂತವಾಗಿಯೇ ಹೇಳಿದರು: "ಸಾಹುಕಾರರೇ, ನಿಮ್ಮ ಅಹಿಂಸೆಯ ಖರ್ಚು ನನ್ನ ಗದ್ದೆಯಿಂದ ಹೋಗುತ್ತಿದೆ." ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕುಳಿತ ನನಗೆ ಉತ್ತರ ಹೊಳೆಯಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿರ್ಬಂಧಿಸಿತು. ಜೊಯಿಡಾ, ದಾಂಡೇಲಿಯ ಅರಣ್ಯಗಳು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೇರಿವೆ. ಸ್ಯಾಂಡರ್ಸನ್ನನ ಕೋವಿ ಮೌನವಾಗಿದೆ. ಆದರೆ ಕೋವಿಯ ಮೌನವೇ ಅಭಯದಾನವಾಗದು. ಚತುರ್ವಿಧ ದಾನಗಳಲ್ಲಿ ಅಭಯದಾನವನ್ನು ನಾವು ಬಾಯಲ್ಲಿ ಹೇಳುತ್ತೇವೆ. ಅದರ ಬೆಲೆ ತೆರುತ್ತಿರುವವರು ಕಾಡಂಚಿನ ರೈತರು. ಅವರ ಬಾಕಿಗೆ ಅವಧಿ ಕೊಡುವುದು, ಬಡ್ಡಿ ಬಿಡುವುದು, ಪರಿಹಾರದ ಅರ್ಜಿ ಬರೆದುಕೊಡುವುದು, ಬಸದಿಯ ದಾನನಿಧಿಯಲ್ಲಿ ಅವರಿಗೊಂದು ಪಾಲು ತೆಗೆದಿರಿಸುವುದು: ಇಷ್ಟಾದರೂ ನಮ್ಮಿಂದಾಗಬೇಕು. ಆ ವರ್ಷದ ಬಡ್ಡಿಯನ್ನು ನಾನು ಹೊಡೆದುಹಾಕಿದೆ. ಅದು ದಾನವಲ್ಲ, ತಡವಾಗಿ ತೀರಿಸಿದ ಸಾಲ.