ಎಳೆಯರ ಉಳಿಯ ಗೆರೆ

ಬೆಂಗಳೂರಿನ ಜಯನಗರದಿಂದ ಮೈಸೂರು ಹಾದಿ ಹಿಡಿದು ಬಿಡದಿಯನ್ನು ಸೇರಿ, ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ನಡೆಯುವ ಕುಶಲಕರ್ಮಿಗಳ ತರಬೇತಿ ಕೇಂದ್ರವನ್ನು ನೋಡುವವರು, ಅಲ್ಲಿಯ ಕಿರಿಯರು ಕೆತ್ತಿದ ಮರದ ಫಲಕಗಳ ಮುಂದೆ ತುಸು ಹೊತ್ತು ನಿಲ್ಲಬೇಕೆಂಬುದು ನನ್ನ ವಿಜ್ಞಾಪನೆ. ಸಾಗರ, ಸೊರಬಗಳಲ್ಲಿ ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಮನೆಗಳಲ್ಲಿ ಮಕ್ಕಳು ತಂದೆಯ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದ ವಿದ್ಯೆ ಇಲ್ಲಿ ಕುಲದ ಹಂಗಿಲ್ಲದೆ ದೊರೆಯುತ್ತದೆ.

ಹೊಸಬರ ಕೃತಿಯನ್ನು ಅಳೆಯುವಾಗ ನಮ್ಮ ಕಣ್ಣು ಮೊದಲು ನುಣುಪಿಗೆ ಮರುಳಾಗುವುದು. ಆದರೆ ಉಪ್ಪುಕಾಗದ ತಿಕ್ಕಿ ಪಡೆದ ನುಣುಪು ಕೈಯ ತಪ್ಪನ್ನೂ ಕೈಯ ಗುಣವನ್ನೂ ಏಕಕಾಲದಲ್ಲಿ ಮರೆಮಾಡುವುದರಿಂದ, ಪರೀಕ್ಷಕನು ನೋಡತಕ್ಕದ್ದು ಉಳಿಯ ಗೆರೆಯನ್ನೇ. ಮರದ ಎಳೆ ಹರಿಯುವ ದಿಕ್ಕನ್ನು ಅರಿತವನ ಬಳ್ಳಿಯ ಸುರುಳಿ ಎಲ್ಲಿಯೂ ಸಿಬಿರೇಳದೆ ತಿರುಗುತ್ತದೆ. ಅರಿಯದವನದು ತಿರುವಿನಲ್ಲಿ, ಎಳೆಗೆ ಎದುರಾದ ಕಡೆಯಲ್ಲಿಯೇ, ಕಿತ್ತುಬರುತ್ತದೆ. ಎಲೆಗಳ ನಡುವಣ ತಳ ಸಮವಾಗಿದೆಯೇ, ಮೂಲೆಗಳು ಶುಚಿಯಾಗಿವೆಯೇ, ಒಂದು ದಳ ಇನ್ನೊಂದರ ಕೆಳಗೆ ನಿಜವಾಗಿ ಇಳಿದಿದೆಯೇ? ಮೂರ್ತಿಯ ಬೆರಳು ತುಸು ದಪ್ಪವಾದರೆ ನಾನು ಚಿಂತಿಸೆನು; ಮೂರ್ತಿಯ ಅಂಗಾಂಗಗಳ ಪ್ರಮಾಣವನ್ನು ಹೇಳುವ ತಾಳಮಾನದ ಅಳತೆ ಅಭ್ಯಾಸದಿಂದ ಬರುವಂಥದು. ಹಿರಿಯರ ಕೃತಿಯ ನಿರ್ಜೀವ ಪಡಿಯಚ್ಚಿಗಿಂತ, ಗಿಳಿಯ ಕೊರಳನ್ನು ಕಣ್ಣಾರೆ ಕಂಡು ಅದರಂತೆಯೇ ಮರವನ್ನು ಬಾಗಿಸಲೆಳಸಿದ ಒರಟು ಫಲಕಕ್ಕೆ ಮೊದಲ ಬಹುಮಾನ ಸಲ್ಲತಕ್ಕದ್ದು.