ರಾಮಧಾನ್ಯಚರಿತೆಯ ತೀರ್ಪು: ಹುಟ್ಟಿನ ಹಕ್ಕೋ, ದುಡಿಮೆಯ ಫಲವೋ?

ಕನಕದಾಸರು 16ನೆಯ ಶತಮಾನದಲ್ಲಿ ಭಾಮಿನಿ ಷಟ್ಪದಿಯಲ್ಲಿ ರಚಿಸಿದ ರಾಮಧಾನ್ಯಚರಿತೆಯು ಗಾತ್ರದಲ್ಲಿ ಕಿರಿದಾದರೂ ವಿಚಾರದಲ್ಲಿ ಹಿರಿದಾದ ಕಾವ್ಯವು. ವ್ರೀಹಿಗೂ ನರೆದಲೆಗನಿಗೂ, ಎಂದರೆ ನೆಲ್ಲಿಗೂ ರಾಗಿಗೂ, ನಡೆದ ವಿವಾದವೇ ಇದರ ವಸ್ತು. ಮೇಲುಕೀಳೆಂಬ ಭಾವನೆಯನ್ನು ಖಂಡಿಸುವುದಕ್ಕಾಗಿ ಕವಿಯು ಇದನ್ನು ಬರೆದನೆಂದು ವಿಮರ್ಶಕರು ಹೇಳುತ್ತಾರೆ. ಅದು ಯುಕ್ತವೇ ಸರಿ. ಆದರೆ ಅಷ್ಟಕ್ಕೇ ನಿಂತರೆ ತೀರ್ಪಿನ ಸ್ವರೂಪವು ಮರೆಯಾಗುತ್ತದೆ. ಮನ್ನಣೆಯು ಹುಟ್ಟಿನಿಂದ ಬರುವ ಹಕ್ಕೋ, ದುಡಿದು ಪಡೆಯತಕ್ಕ ಫಲವೋ ಎಂಬ ಪ್ರಶ್ನೆಗೆ ಕಾವ್ಯವು ಕೊಡುವ ಉತ್ತರವನ್ನು ಇಲ್ಲಿ ಪರಿಶೀಲಿಸುವೆನು.

ವ್ರೀಹಿಯ ವಾದವೆಲ್ಲವೂ ಸ್ಥಾನದ ಬಲವನ್ನು ಆಶ್ರಯಿಸಿದೆ. ದೇವರ ನೈವೇದ್ಯಕ್ಕೂ ಶುಭಕಾರ್ಯದ ಅಕ್ಷತೆಗೂ ತಾನೇ ಬೇಕು. ಆದುದರಿಂದ ಮನ್ನಣೆಯೂ ತನ್ನದೇ ಎಂಬುದು ಅದರ ಹೇಳಿಕೆ. ನರೆದಲೆಗನು ಬಡವರನ್ನೂ ಕ್ಷಾಮಕಾಲದವರನ್ನೂ ಸಲಹಿದುದನ್ನು ಹೇಳಿಕೊಳ್ಳುತ್ತಾನೆ. ಅವನ ಮಾತೂ ಮೃದುವಲ್ಲ. ಬೈಗುಳದಲ್ಲಿ ಇಬ್ಬರೂ ಸಮರು. ಶ್ರೀರಾಮನು ವಾಕ್ಚಾತುರ್ಯವನ್ನು ಪ್ರಮಾಣವಾಗಿ ಸ್ವೀಕರಿಸದೆ ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತೀರಿದಾಗ ವ್ರೀಹಿಯು ಕಳೆಗುಂದಿದೆ, ನರೆದಲೆಗನು ಕೆಡದೆ ಉಳಿದಿದ್ದಾನೆ. ಅನಂತರವೇ ಅವನಿಗೆ ರಾಘವನೆಂಬ ಹೆಸರು ದೊರೆಯುತ್ತದೆ.

ಮಹಾಭಾರತದ ಆದಿಪರ್ವದ ರಂಗಸ್ಥಲವನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿ ಕುಲವನ್ನು ಕೇಳಿ ಕರ್ಣನನ್ನು ತಡೆದರು. ದುರ್ಯೋಧನನು ಆಗಲೇ ಅವನಿಗೆ ಅಂಗರಾಜ್ಯವನ್ನಿತ್ತನು. ಅರ್ಜುನನೊಡನೆ ಆಗಬೇಕಾಗಿದ್ದ ದ್ವಂದ್ವವು ನಡೆಯುವ ಮೊದಲೇ ಸೂರ್ಯನು ಮುಳುಗಿದನು. ಕರ್ಣನಲ್ಲಿ ಪೌರುಷವಿತ್ತು, ಸಂದೇಹವಿಲ್ಲ. ಆದರೆ ರಾಜ್ಯವು ಬಂದುದು ಮಿತ್ರನ ಕೊಡುಗೆಯಾಗಿ. ಆ ಋಣವು ಅವನನ್ನು ಕಡೆಯವರೆಗೂ ಬಿಡಲಿಲ್ಲ. ನರೆದಲೆಗನಿಗಾದರೋ ಪರೀಕ್ಷೆ ಮೊದಲು, ಪದವಿ ಆಮೇಲೆ. ಆದಕಾರಣ ಅವನು ಯಾರಿಗೂ ಋಣಿಯಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಕೆಡದಿರುವುದು ರಾಗಿಯ ಸ್ವಭಾವ, ಬೆಳ್ಳಗಿರುವುದು ಅಕ್ಕಿಯ ಸ್ವಭಾವ. ಒಂದು ಹುಟ್ಟುಗುಣವನ್ನು ತೆಗೆದು ಮತ್ತೊಂದಕ್ಕೆ ಪಟ್ಟಗಟ್ಟಿದರೆ ಪುರುಷಪ್ರಯತ್ನಕ್ಕೆ ಎಡೆಯೆಲ್ಲಿ?

ಇದಕ್ಕೆ ಸಮಾಧಾನವನ್ನು ಹೊಲದಲ್ಲಿ ಹುಡುಕಬೇಕು. ಅರ್ಕಾವತಿಯು ಹರಿಯುವ ಕನಕಪುರದ ಸೀಮೆಯು ರಾಗಿಯ ನಾಡು. ಹಿಂದೆ ಈ ಕಡೆಯ ಹಳ್ಳಿಗಳಲ್ಲಿ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಾವ್ಯದ ಸೆರೆಮನೆಯನ್ನು ಓದುವಾಗ ಆ ಕತ್ತಲೆಯ ಕುಳಿಯು ನೆನಪಿಗೆ ಬಾರದಿರದು. ಆದರೆ ಹಸಿ ರಾಗಿಯನ್ನು ತುಂಬಿದರೆ ಅದೂ ಮುಗ್ಗಿ ಹಾಳಾಗುತ್ತದೆ. ಕಳೆ ಕಿತ್ತು, ಕೊಯ್ದು, ಮೆದೆ ಹಾಕಿ, ಕಣದಲ್ಲಿ ತುಳಿಸಿ, ತೂರಿ, ಚೆನ್ನಾಗಿ ಒಣಗಿಸಿದ ಕಾಳು ಮಾತ್ರ ಬಾಳುತ್ತದೆ. ಬಾಳುವ ಶಕ್ತಿ ಬೀಜದ್ದು. ಅದನ್ನು ಸಿದ್ಧಿಗೆ ತಂದುದು ಒಕ್ಕಲಿನ ಕೈ. ಮೀಮಾಂಸಕರ ಮತದಲ್ಲಿ ಅಧಿಕಾರವೆಂದರೆ ಫಲಸ್ವಾಮ್ಯ. ಆ ಫಲವು ಕರ್ತೃವಿಗೆ ಸಲ್ಲತಕ್ಕದ್ದು. ಕಾವ್ಯದ ಸಭೆಯಲ್ಲಿಯಾದರೋ ಧಾನ್ಯಗಳು ಮಾತನಾಡುತ್ತವೆ, ದೇವತೆಗಳು ಕೂಡುತ್ತಾರೆ; ಉತ್ತವನಿಗೆ ಆಸನವಿಲ್ಲ. ಇದನ್ನು ಕಾವ್ಯದ ನ್ಯೂನತೆಯೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಮತ್ತೊಂದು ಸೂಕ್ಷ್ಮವೂ ಉಂಟು. ಸೆರೆಯಲ್ಲಿ ನವೆದುದು ಒಂದು ರಾಗಿ. ರಾಘವನೆಂಬ ಹೆಸರು ಬಂದುದು ರಾಗಿಯ ಕುಲಕ್ಕೆಲ್ಲ. ದುಡಿದು ಗಳಿಸಿದುದು ಹೀಗೆ ಮರುತಲೆಗೆ ಹುಟ್ಟಿನ ಹಕ್ಕಾಗಿ ಪರಿಣಮಿಸುತ್ತದೆ. ನಾಳೆ ರಾಗಿಯೂ ವ್ರೀಹಿಯಂತೆಯೇ ಮಾತನಾಡಬಹುದು. ಶ್ರೀರಾಮನು ಕಡೆಯಲ್ಲಿ ವ್ರೀಹಿಯನ್ನು ತಿರಸ್ಕರಿಸದೆ ಸಂತೈಸುವುದರಿಂದ ಈ ಅಪಾಯವು ಕೊಂಚ ತಗ್ಗುತ್ತದೆ. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ರಾಗಿಗೆ ಮತ್ತೊಂದು ಬಿರುದು ಬಂದಂತಾಯಿತು. ಬಿರುದು ಬಂದ ಮಾತ್ರಕ್ಕೆ ಹಸಿ ಕಾಳು ಕೆಡದೆ ಉಳಿಯಲಾರದು.

ನಮ್ಮ ವಿದ್ವತ್ತಿಗೂ ಈ ನ್ಯಾಯವು ಸಲ್ಲುತ್ತದೆ. ಗುರುಪರಂಪರೆಯ ಹೆಸರು ಹೇಳಿ ಮನ್ನಣೆ ಬೇಡುವ ಪಂಡಿತನು ವ್ರೀಹಿಯ ಪಕ್ಷದವನು. ಪಾಠವನ್ನು ಪ್ರತಿವರ್ಷವೂ ಹೊಸದಾಗಿ ಸಾಧಿಸಿ ಶಿಷ್ಯರ ಮುಂದೆ ನಿಲ್ಲುವವನಿಗೆ ಮಾತ್ರ ನರೆದಲೆಗನ ಪಕ್ಷವನ್ನು ವಹಿಸಿ ಈ ಕಾವ್ಯವನ್ನು ಬೋಧಿಸುವ ಅಧಿಕಾರವುಂಟು.